ವಿಕಲಚೇತನ ಮಕ್ಕಳ ವೈದ್ಯಕೀಯ ಸಾಧನಗಳಿಗೆ ದತ್ತಿ ನೆರವು ಕೇಳುವ ಬಗೆ: ಬೆಂಗಳೂರಿನ ಕುಟುಂಬಗಳಿಗೊಂದು ಮಾರ್ಗದರ್ಶಿ

ವಿಕಲಚೇತನರಾದ ಮಕ್ಕಳಿಗೂ ಯುವಜನರಿಗೂ ಬೇಕಾಗುವ ಗಾಲಿಕುರ್ಚಿ, ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್, ನಿಲ್ಲಲು ನೆರವಾಗುವ ಸ್ಟ್ಯಾಂಡಿಂಗ್ ಫ್ರೇಮ್, ಶ್ರವಣ ಸಾಧನ, ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಇವೆಲ್ಲ ಮಧ್ಯಮ ವರ್ಗದವರ ಕೈಗೂ ಸುಲಭವಾಗಿ ಎಟುಕುವ ವಸ್ತುಗಳಲ್ಲ. ಇವುಗಳಿಗೆ ಹಣ ಒದಗಿಸುವ ಟ್ರಸ್ಟ್‌ಗಳು, ಸೇವಾ ಕ್ಲಬ್ಬುಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗಳು ಬೆಂಗಳೂರಿನಲ್ಲಿವೆ. ಆದರೂ ನಿಜವಾದ ಅಗತ್ಯವಿರುವ ಅನೇಕ ಕುಟುಂಬಗಳ ಅರ್ಜಿಗಳು ನಡುದಾರಿಯಲ್ಲೇ ನಿಂತುಹೋಗುತ್ತವೆ. ಅಂಥ ಅರ್ಜಿಗಳನ್ನು ಓದಿ ಶಿಫಾರಸು ಮಾಡುವ ಸಣ್ಣ ಟ್ರಸ್ಟೊಂದರ ಸಮಿತಿಯಲ್ಲಿ ನಾನಿದ್ದೇನೆ. ನಿಂತುಹೋದ ಅರ್ಜಿಗಳಲ್ಲಿ ಕುಟುಂಬದ ಕಷ್ಟ ಚೆನ್ನಾಗಿಯೇ ಕಾಣುತ್ತದೆ. ಯಾವ ಸಾಧನ, ಯಾವ ಅಳತೆಯದು, ಅದು ಬಂದ ಮೇಲೆ ಮಗುವಿನ ದಿನಚರಿಯಲ್ಲಿ ಏನು ಬದಲಾಗುತ್ತದೆ ಎಂಬುದು ಮಾತ್ರ ಕಾಣುವುದಿಲ್ಲ. ಹಣ ಕೊಡುವವರಿಗೆ ಗೊತ್ತಾಗಬೇಕಾದುದು ಮುಖ್ಯವಾಗಿ ಅದೇ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಹಣದ ಮಾತು ತುಸು ತಡವಾಗಿ ಬರುತ್ತದೆ.

ಮೊದಲು ಅಳತೆ, ಆಮೇಲೆ ಅರ್ಜಿ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಗಾಲಿಕುರ್ಚಿ ಒದಗಿಸುವ ಕ್ರಮದ ಬಗ್ಗೆ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಎಂಟು ಹಂತಗಳಿವೆ: ಸೇವೆಗೆ ಕಳುಹಿಸಿಕೊಡುವುದು, ತಪಾಸಣೆ, ಕುರ್ಚಿಯ ಆಯ್ಕೆ, ಹಣ ಹೊಂದಿಸಿ ಬೇಡಿಕೆ ಸಲ್ಲಿಸುವುದು, ಕುರ್ಚಿಯನ್ನು ಸಿದ್ಧಪಡಿಸುವುದು, ಮೈಗೆ ಹೊಂದಿಸುವುದು, ಬಳಕೆಯ ತರಬೇತಿ, ಕೊನೆಗೆ ದುರಸ್ತಿ ಮತ್ತು ಮರುಪರಿಶೀಲನೆ. ಹಣದ ವಿಷಯ ಬರುವುದು ನಾಲ್ಕನೆಯ ಹಂತದಲ್ಲಿ. ನಮ್ಮಲ್ಲಿ ಬಹುಪಾಲು ಜನ ಅಲ್ಲಿಂದಲೇ ಆರಂಭಿಸುತ್ತಾರೆ. ಯಾರೋ ದಾನಿ ಸಿಕ್ಕರೆಂದು ಅವಸರದಲ್ಲಿ ಅಂಗಡಿಯಿಂದ ಒಂದು ಕುರ್ಚಿ ತರಿಸುತ್ತಾರೆ. ಆಸ್ಪತ್ರೆಯ ಕಾರಿಡಾರುಗಳಲ್ಲಿ ಕಾಣುವ, ಬಟ್ಟೆಯ ಸೀಟಿನ ಮಡಚುವ ಕುರ್ಚಿ ರೋಗಿಯನ್ನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕೊಂಡೊಯ್ಯಲು ಮಾಡಿದ್ದು. ಮೆದುಳಿಗಾದ ಹಾನಿಯಿಂದ ದೇಹದ ಚಲನೆ, ಹಿಡಿತ ಕುಂದುವ ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಅದರಲ್ಲಿ ದಿನವಿಡೀ ಕೂರಿಸಿದರೆ ಸೊಂಟ ಮುಂದಕ್ಕೆ ಜಾರುತ್ತದೆ, ಬೆನ್ನು ಗೂನಾಗುತ್ತದೆ, ಒಂದು ಪಕ್ಕಕ್ಕೆ ವಾಲಿದ ದೇಹ ಹಾಗೆಯೇ ಗಟ್ಟಿಯಾಗುವ ಅಪಾಯವಿದೆ, ನುಂಗುವುದೂ ಉಸಿರಾಡುವುದೂ ಕಷ್ಟವಾಗುತ್ತದೆ. ಬೆನ್ನುಹುರಿಯ ತೊಂದರೆಯಿಂದ ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದ ಹುಡುಗನಿಗೆ ಒತ್ತಡ ಹಂಚುವ ಕುಶನ್ ಇಲ್ಲದ ಕುರ್ಚಿ ಕೊಟ್ಟರೆ ನೋವೇ ತಿಳಿಯದಂತೆ ಒತ್ತಡದ ಹುಣ್ಣಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಸಾಧನವೇ ಹಾನಿ ಮಾಡುವುದು ಹೀಗೆ.

ಆದ್ದರಿಂದ ಮೊದಲ ಕೆಲಸ ತಜ್ಞರ ಬಳಿ ಅಳತೆ ಮತ್ತು ತಪಾಸಣೆ ಮಾಡಿಸುವುದು. ನಗರದಲ್ಲಿ ಇದಕ್ಕೆ ದಾರಿಗಳಿವೆ. ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ 1994ರಿಂದ ಕೃತಕ ಅವಯವ, ಕ್ಯಾಲಿಪರ್ ಮತ್ತು ಗಾಲಿಕುರ್ಚಿಗಳ ಕ್ಷೇತ್ರದಲ್ಲಿದೆ. 1959ರಲ್ಲಿ ಆರಂಭವಾದ, ಲಿಂಗರಾಜಪುರದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ 1980ರಿಂದ ದುಡಿಯುತ್ತಿರುವ ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇವುಗಳಲ್ಲಿಯೂ ಅನುಭವಿ ಚಿಕಿತ್ಸಕರಿದ್ದಾರೆ. ನಿಮ್ಹಾನ್ಸ್‌ನ ನರ ಪುನರ್ವಸತಿ ವಿಭಾಗ, ಸೇಂಟ್ ಜಾನ್ಸ್ ಆಸ್ಪತ್ರೆಯ ಪುನರ್ವಸತಿ ವಿಭಾಗ, ಮಕ್ಕಳಿಗಾದರೆ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮೂಳೆ ಸಂಬಂಧಿ ತೊಂದರೆಗಳಿಗೆ ಜಯನಗರದ ಸಂಜಯ ಗಾಂಧಿ ಆಸ್ಪತ್ರೆ ಇವೆ. ಕಿವಿಯ ತೊಂದರೆಯಾದರೆ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಾಗಲಿ ಪರೀಕ್ಷೆ ಮಾಡಿಸಬಹುದು. ಮಗು ಈಗಾಗಲೇ ಒಂದು ಆಸ್ಪತ್ರೆಯಲ್ಲೋ ವಿಶೇಷ ಶಾಲೆಯಲ್ಲೋ ಫಿಸಿಯೋಥೆರಪಿ ಪಡೆಯುತ್ತಿದ್ದರೆ ಅಲ್ಲಿಯ ಚಿಕಿತ್ಸಕರಿಂದಲೇ ಆರಂಭಿಸುವುದು ಉತ್ತಮ. ಮಗುವನ್ನು ವರ್ಷಗಳಿಂದ ನೋಡಿದವರ ಮಾತಿಗೆ ದಾನಿಗಳು ಹೆಚ್ಚು ಬೆಲೆ ಕೊಡುತ್ತಾರೆ.

ತಪಾಸಣೆಗೆ ಹೋಗುವ ಮುನ್ನ ಮನೆಯನ್ನೂ ಅಳೆದುಕೊಳ್ಳಿ. ಇದನ್ನು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ. ಹದಿನೆಂಟು ಇಂಚಿನ ಸೀಟಿರುವ ಸಾಮಾನ್ಯ ಮಡಚುವ ಕುರ್ಚಿಯ ಒಟ್ಟು ಅಗಲ ಸುಮಾರು 25 ಇಂಚಾಗುತ್ತದೆ. ನಮ್ಮ ಬಾಡಿಗೆ ಮನೆಗಳ ಬಾತ್‌ರೂಮ್ ಬಾಗಿಲು ಇದಕ್ಕಿಂತ ಕಿರಿದಾಗಿರುವುದೂ, ಹೊಸ್ತಿಲು ಎತ್ತರವಾಗಿರುವುದೂ ಸಾಮಾನ್ಯ. ಮುಂಬಾಗಿಲು, ಬಾತ್‌ರೂಮ್ ಬಾಗಿಲು, ಮಂಚದ ಪಕ್ಕದ ಜಾಗ, ಲಿಫ್ಟ್ ಇದ್ದರೆ ಅದರ ಬಾಗಿಲು, ಇಲ್ಲದಿದ್ದರೆ ಮೆಟ್ಟಿಲುಗಳ ಸಂಖ್ಯೆ ಇವನ್ನು ಕಾಗದದ ಮೇಲೆ ಬರೆದುಕೊಂಡು, ಫೋನಿನಲ್ಲಿ ಚಿತ್ರ ತೆಗೆದುಕೊಂಡು ಹೋಗಿ. ಮನೆಯ ಮುಂದಿನ ರಸ್ತೆ ಕಾಂಕ್ರೀಟಿನದೇ, ಕಲ್ಲುಮಣ್ಣಿನದೇ, ಶಾಲೆಗೆ ಹೋಗುವುದು ಆಟೋದಲ್ಲೇ, ವ್ಯಾನಿನಲ್ಲೇ ಎಂಬುದನ್ನೂ ಹೇಳಿ. ಆಟೋದಲ್ಲಿ ಹೋಗುವವರಿಗೆ ಮಡಚಲಾಗದ ಭಾರದ ಕುರ್ಚಿಯಿಂದ ಪ್ರಯೋಜನವಿಲ್ಲ. ಎರಡನೆಯ ಮಹಡಿಯ ಮನೆಯವರಿಗೆ ವಿದ್ಯುತ್ ಗಾಲಿಕುರ್ಚಿ ಮಂಜೂರಾದರೆ ಅದನ್ನು ರಾತ್ರಿ ಎಲ್ಲಿ ನಿಲ್ಲಿಸುವುದು, ಎಲ್ಲಿ ಚಾರ್ಜ್ ಮಾಡುವುದು ಎಂಬುದಕ್ಕೆ ಮೊದಲೇ ಉತ್ತರವಿರಬೇಕು.

ತಪಾಸಣೆಯ ವರದಿಯಲ್ಲಿ ಸಾಧನದ ಹೆಸರು ಮಾತ್ರವಿದ್ದರೆ ಸಾಲದು. ಗಾಲಿಕುರ್ಚಿಯಾದರೆ ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನಿಂದ ಪಾದದವರೆಗಿನ ಉದ್ದ, ಬೆನ್ನಿನ ಆಸರೆ ಎಲ್ಲಿಯವರೆಗೆ ಬೇಕು ಎಂಬ ವಿವರಗಳಿರಬೇಕು. ಸೀಟಿನ ಆಳ ಹಿಂಭಾಗದಿಂದ ಮೊಣಕಾಲಿನ ಹಿಂಬದಿಯವರೆಗಿನ ಅಳತೆಗಿಂತ 30ರಿಂದ 60 ಮಿಲಿಮೀಟರ್ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿಯಲ್ಲಿ ಕಲಿಸುವ ಲೆಕ್ಕ. ಬೆಳೆಯುವ ಮಗುವಿಗೆ ಎಷ್ಟು ವರ್ಷ ಸಾಲುವಂತೆ ಸರಿಹೊಂದಿಸಬಹುದು ಎಂಬುದನ್ನು ಬರೆಸಿಕೊಳ್ಳಿ. ‘ಬೆಳೆದ ಮೇಲೂ ಆಗಲಿ’ ಎಂದು ದೊಡ್ಡ ಕುರ್ಚಿ ಕೊಡಿಸುವ ರೂಢಿಯನ್ನು ದಯವಿಟ್ಟು ಬಿಡಿ. ಬಟ್ಟೆಯಂತೆ ಸಡಿಲವಾಗಿ ತೊಡುವ ವಸ್ತು ಇದಲ್ಲ, ಸಡಿಲವಾದ ಕುರ್ಚಿಯಲ್ಲಿ ಮಗುವಿನ ಬೆನ್ನು ಇನ್ನಷ್ಟು ವಾಲುತ್ತದೆ. ಬೈಪ್ಯಾಪ್ ಯಂತ್ರವಾದರೆ ಶ್ವಾಸಕೋಶ ತಜ್ಞರು ನಿಗದಿಪಡಿಸಿದ ಒತ್ತಡದ ಪ್ರಮಾಣ, ಮಾಸ್ಕಿನ ಅಳತೆ ಮತ್ತು ದಿನಕ್ಕೆ ಎಷ್ಟು ಗಂಟೆ ಬಳಸಬೇಕೆಂಬ ಸೂಚನೆ ಇರಲಿ. ಶ್ರವಣ ಸಾಧನಕ್ಕೆ ಇತ್ತೀಚಿನ ಆಡಿಯೋಗ್ರಾಮ್, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ ಬೇಕು.

ಮಗುವಿಗೂ ಒಂದು ಮಾತಿದೆ. ಹದಿಹರೆಯದ ಹುಡುಗಿಗೆ ಸಾಧನದ ಬಣ್ಣ ಇಷ್ಟವಾಗದಿರಬಹುದು, ಗೆಳತಿಯರ ಮುಂದೆ ಅದನ್ನು ಬಳಸಲು ಸಂಕೋಚವಾಗಬಹುದು. ಇವನ್ನು ಹಟವೆಂದು ತಳ್ಳಿಹಾಕಿದರೆ ಸಾಧನ ಅಟ್ಟ ಸೇರುತ್ತದೆ. ಸಾಧ್ಯವಾದರೆ ಎರಡು ಮಾದರಿಗಳನ್ನು ಸ್ವಲ್ಪ ಹೊತ್ತಾದರೂ ಬಳಸಿ ನೋಡಲು ಬಿಡಿ, ಅವರ ಆಯ್ಕೆಯನ್ನು ವರದಿಯಲ್ಲಿ ದಾಖಲಿಸಲು ಚಿಕಿತ್ಸಕರಿಗೆ ಹೇಳಿ.

ಕಾಗದಪತ್ರ

ಎಲ್ಲಕ್ಕಿಂತ ಮೊದಲು ಬೇಕಾದುದು ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದೆ. ಬಹುತೇಕ ಸೌಲಭ್ಯಗಳಿಗೆ ವೈಕಲ್ಯ ಕನಿಷ್ಠ ಶೇ 40ರಷ್ಟಿರಬೇಕು. ಸ್ವಾವಲಂಬನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ತಪಾಸಣೆಗೆ ಹಾಜರಾಗಬೇಕು. ಕಾರ್ಡ್ ಬರುವವರೆಗೆ ಕಾಯದೆ ಅರ್ಜಿಯ ಸ್ವೀಕೃತಿ ಸಂಖ್ಯೆಯನ್ನೇ ತೋರಿಸಿ ಟ್ರಸ್ಟ್‌ಗಳ ಬಳಿ ಮಾತುಕತೆ ಆರಂಭಿಸಬಹುದು.

ಅದರೊಂದಿಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಅಥವಾ ರೇಷನ್ ಕಾರ್ಡ್, ಮಗುವಿನ ಮತ್ತು ಪೋಷಕರ ಆಧಾರ್, ಶಾಲೆ ಅಥವಾ ಕಾಲೇಜಿನ ವ್ಯಾಸಂಗ ಪತ್ರ, ಆಸ್ಪತ್ರೆಯ ಇತ್ತೀಚಿನ ವರದಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ಇರಲಿ. ಎಲ್ಲದಕ್ಕೂ ಸಹಿ ಹಾಕಿ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಹದಿನೆಂಟು ತುಂಬಿದವರ ಅರ್ಜಿಗೆ ಅವರೇ ಸಹಿ ಹಾಕಬೇಕು, ಸಹಿ ಬರದಿದ್ದರೆ ಹೆಬ್ಬೆಟ್ಟು ಒತ್ತಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಅಥವಾ ಬಹುವೈಕಲ್ಯ ಇದ್ದು ಸ್ವತಃ ವ್ಯವಹರಿಸಲಾಗದ ವಯಸ್ಕರಿಗೆ 1999ರ ನ್ಯಾಷನಲ್ ಟ್ರಸ್ಟ್ ಅಧಿನಿಯಮದಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಮಗನಿಗೆ ಹದಿನೇಳು ದಾಟಿದ್ದರೆ ಆ ಕೆಲಸವನ್ನು ಈಗಲೇ ಆರಂಭಿಸಿ.

ಸರ್ಕಾರದ ಯೋಜನೆ ಮತ್ತು ಮೂರು ವರ್ಷದ ನಿಯಮ

‘ಸರ್ಕಾರದಿಂದ ಏಕೆ ಪಡೆಯಲಿಲ್ಲ?’ ಎಂಬುದು ಟ್ರಸ್ಟ್‌ಗಳು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು. ಅದಕ್ಕೆ ಲಿಖಿತ ಉತ್ತರ ನಿಮ್ಮಲ್ಲಿರಬೇಕು.

ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಜಾರಿಯಲ್ಲಿದೆ. ಶೇ 40 ಅಥವಾ ಹೆಚ್ಚಿನ ವೈಕಲ್ಯವಿದ್ದು, ಪೋಷಕರ ತಿಂಗಳ ಆದಾಯ 22,500 ರೂಪಾಯಿಯೊಳಗಿದ್ದರೆ ಸಾಧನದ ಪೂರ್ಣ ವೆಚ್ಚವನ್ನೂ, 30,000 ರೂಪಾಯಿಯೊಳಗಿದ್ದರೆ ಅರ್ಧ ವೆಚ್ಚವನ್ನೂ ಯೋಜನೆ ಭರಿಸುತ್ತದೆ. ಸಾಧನಗಳು ಬಹುಮಟ್ಟಿಗೆ ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಅಲಿಮ್ಕೊ ಸಂಸ್ಥೆಯಿಂದ ಬರುತ್ತವೆ. ಬೆಂಗಳೂರಿನಲ್ಲೂ ಅದರ ಉತ್ಪಾದನಾ ಘಟಕವಿದೆ. ಐದು ವರ್ಷದವರೆಗಿನ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಅಳವಡಿಸುವ ಶ್ರವಣ ಸಾಧನ) ಕೂಡ ಈ ಯೋಜನೆಯಲ್ಲಿದೆ. ರಾಜ್ಯದಲ್ಲಿ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯನ್ನು ವಿಚಾರಿಸಬೇಕು. ವಾರ್ಡ್ ಮಟ್ಟದ ನಗರ ಪುನರ್ವಸತಿ ಕಾರ್ಯಕರ್ತರ ಪರಿಚಯ ಮಾಡಿಕೊಂಡರೆ ಶಿಬಿರಗಳ ಸುದ್ದಿ ಸಮಯಕ್ಕೆ ಸಿಗುತ್ತದೆ. ಪಾಲಿಕೆಯ ವಿಕಲಚೇತನರ ಕಲ್ಯಾಣ ನಿಧಿಯ ಬಗ್ಗೆಯೂ ಅವರನ್ನೇ ಕೇಳಿ.

ಅಡಿಪ್‌ನ ಒಂದು ನಿಯಮವನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಅದೇ ಉದ್ದೇಶಕ್ಕೆ ಸರ್ಕಾರದಿಂದಲೋ ಸ್ಥಳೀಯ ಸಂಸ್ಥೆಯಿಂದಲೋ ಸ್ವಯಂಸೇವಾ ಸಂಸ್ಥೆಯಿಂದಲೋ ಹಿಂದಿನ ಮೂರು ವರ್ಷಗಳಲ್ಲಿ ನೆರವು ಪಡೆದಿದ್ದರೆ ಮತ್ತೆ ಸಿಗುವುದಿಲ್ಲ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈ ಅವಧಿ ಒಂದು ವರ್ಷ. ಅಂದರೆ ಬಡಾವಣೆಯ ಆಟದ ಮೈದಾನದಲ್ಲಿ ಶಾಮಿಯಾನ ಹಾಕಿ ಹಂಚುವ ಕುರ್ಚಿಯನ್ನು, ಉಚಿತವಾಗಿ ಬಂದದ್ದೆಂದು, ಮಗನ ಮೈಗೆ ಹೊಂದದಿದ್ದರೂ ಮನೆಗೆ ತಂದರೆ ಸರಿಯಾದ ಕುರ್ಚಿಯ ದಾರಿ ಮೂರು ವರ್ಷ ಮುಚ್ಚಬಹುದು. ಹದಿಮೂರರಿಂದ ಹದಿನಾರರ ನಡುವಿನ ಮೂರು ವರ್ಷಗಳಲ್ಲಿ ಬೆನ್ನುಮೂಳೆ ಎಷ್ಟು ಬೇಗ ಬಾಗಬಲ್ಲದು ಎಂಬುದು ಆ ವಯಸ್ಸಿನ ಮಕ್ಕಳ ಪೋಷಕರಿಗೆ ಗೊತ್ತು. ಶಿಬಿರದಲ್ಲಿ ಅಳತೆ ತೆಗೆದುಕೊಂಡು, ಆಮೇಲೆ ಆ ಅಳತೆಗೆ ತಕ್ಕ ಸಾಧನ ಕೊಡುವುದಾದರೆ ಸಂತೋಷದಿಂದ ಪಡೆಯಿರಿ. ಅಳತೆಯನ್ನೇ ನೋಡದೆ ಕೊಡುವುದಾದರೆ ಚಿಕಿತ್ಸಕರನ್ನು ಕೇಳದೆ ಸಹಿ ಹಾಕಬೇಡಿ. ಬೇಡವೆನ್ನಲು ಸಂಕೋಚಪಡಬೇಕಾಗಿಲ್ಲ.

ಸಾಧನದ ಹೊರಗಿನ ವೆಚ್ಚಕ್ಕೂ ನೆರವಿದೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಮೇಲೆ ಹೇಳಿದ ನಾಲ್ಕು ಬಗೆಯ ವೈಕಲ್ಯವಿರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ, ಥೆರಪಿ ಮತ್ತು ಓಡಾಟದ ಖರ್ಚನ್ನು ಭರಿಸುತ್ತದೆ. ನಿರಾಮಯ ಮಾಡಿಸಿದ್ದೇವೆಂದು ಅರ್ಜಿಯಲ್ಲಿ ಬರೆದರೆ, ಕುಟುಂಬ ತನ್ನ ಪಾಲಿನ ಪ್ರಯತ್ನ ಮಾಡಿದೆಯೆಂದು ಸಮಿತಿಗೆ ತಿಳಿಯುತ್ತದೆ.

ಯಾರನ್ನು ಕೇಳುವುದು

ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಅಲ್ಲಿಯ ಸಮಾಜ ಕಾರ್ಯ ವಿಭಾಗಕ್ಕೆ ಹೋಗಿ. ಯಾವ ದಾನಿ ಯಾವ ಸಾಧನಕ್ಕೆ, ಯಾವ ತಿಂಗಳಲ್ಲಿ ಹಣ ಕೊಡುತ್ತಾರೆಂಬುದು ಆ ವಿಭಾಗದವರಿಗೆ ತಿಳಿದಿರುವಷ್ಟು ಬೇರೆಯವರಿಗೆ ತಿಳಿದಿರುವುದಿಲ್ಲ, ಮತ್ತು ಅವರ ಶಿಫಾರಸಿನೊಂದಿಗೆ ಬಂದ ಅರ್ಜಿಯನ್ನು ಟ್ರಸ್ಟ್‌ಗಳು ಮತ್ತೆ ಪರಿಶೀಲಿಸುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಕಂಪನಿಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 2013ರ ಕಂಪನಿಗಳ ಅಧಿನಿಯಮದ 135ನೆಯ ಸೆಕ್ಷನ್ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕು. ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುವ ದೊಡ್ಡ ಕಂಪನಿಗೆ ಪತ್ರ ಬರೆದರೆ ಹಣ ಬರುತ್ತದೆಂದು ಅನೇಕರು ನಂಬಿದ್ದಾರೆ. ಈ ಹಣ ಯೋಜನೆಗಳ ರೂಪದಲ್ಲಿ, ನೋಂದಾಯಿತ ಸಂಸ್ಥೆಗಳ ಮೂಲಕ ವೆಚ್ಚವಾಗುತ್ತದೆಯೇ ಹೊರತು ಒಂದು ಕುಟುಂಬದ ಪತ್ರಕ್ಕೆ ಚೆಕ್ಕಾಗಿ ಬರುವುದು ಅಪರೂಪ. ಆದ್ದರಿಂದ ಕೇಳಬೇಕಾದುದು ಸಾಧನ ಒದಗಿಸುವ ಸಂಸ್ಥೆಯನ್ನು: ‘ಈ ವರ್ಷ ನಿಮಗೆ ಯಾವುದಾದರೂ ಕಂಪನಿಯ ನಿಧಿ ಬಂದಿದೆಯೇ, ನನ್ನ ಮಗನ ಹೆಸರನ್ನು ಫಲಾನುಭವಿಗಳ ಪಟ್ಟಿಗೆ ಸೇರಿಸಬಹುದೇ?’ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ಜನವರಿಯ ಹೊತ್ತಿಗೆ ಇನ್ನೊಮ್ಮೆ ವಿಚಾರಿಸುವುದು ಒಳ್ಳೆಯದು.

ರೋಟರಿ, ಲಯನ್ಸ್ ಕ್ಲಬ್ಬುಗಳಿಗೆ ನಿಮ್ಮ ಬಡಾವಣೆಯ ಘಟಕದ ಮೂಲಕ ಹೋಗಿ. ಸದಸ್ಯರೊಬ್ಬರು ಮನೆಗೆ ಬಂದು ಮಗುವನ್ನು ಕಂಡರೆ ನಿರ್ಧಾರ ಬೇಗ ಆಗುತ್ತದೆ. ಸಮುದಾಯದ ಸಂಘಗಳು, ದೇವಸ್ಥಾನ, ಚರ್ಚು, ಮಸೀದಿಗಳ ದತ್ತಿಗಳು ಸಣ್ಣ ಮೊತ್ತಕ್ಕೆ ನೆರವಾಗುತ್ತವೆ. ಬಂಧುಗಳೋ ಸಹೋದ್ಯೋಗಿಗಳೋ ದೊಡ್ಡ ಮೊತ್ತ ಕೊಡಲು ಮುಂದಾದರೆ, ಅದನ್ನು, ದಾನಿಗೆ ಆದಾಯ ತೆರಿಗೆ ವಿನಾಯಿತಿ ಸಿಗಬಹುದಾದ 80ಜಿ ನೋಂದಣಿಯಿರುವ ಸಂಸ್ಥೆಯ ಮೂಲಕ ಕೊಡುವ ಬಗ್ಗೆ ಆ ಸಂಸ್ಥೆಯನ್ನು ಕೇಳಿ ನೋಡಿ. ನಿಮ್ಮ ಕೈಗೆ ನೇರವಾಗಿ ಕೊಟ್ಟ ಹಣಕ್ಕೆ ಅವರಿಗೆ ಆ ತೆರಿಗೆ ವಿನಾಯಿತಿ ಇಲ್ಲ.

ಆನ್‌ಲೈನ್ ದೇಣಿಗೆ ವೇದಿಕೆಗಳ ಬಗ್ಗೆ ನನ್ನ ಅಭಿಪ್ರಾಯ ತುಸು ಕಟುವಾಗಿದೆ. ತುರ್ತು ಚಿಕಿತ್ಸೆಗೆ ಅವು ಎಷ್ಟೋ ಜೀವ ಉಳಿಸಿವೆ. ಆದರೆ ಸಾಧನಕ್ಕಾಗಿ ಮಗುವಿನ ಅಸಹಾಯಕ ಚಿತ್ರವನ್ನು ಲೋಕಕ್ಕೆಲ್ಲ ತೋರಿಸಿದರೆ ಅದು ಅಂತರ್ಜಾಲದಲ್ಲಿ ಉಳಿದುಬಿಡುತ್ತದೆ, ನಾಳೆ ಕಾಲೇಜಿಗೆ ಸೇರುವ ಆ ಹುಡುಗನ ಸಹಪಾಠಿಗಳೂ ಅದನ್ನು ನೋಡುತ್ತಾರೆ. ಬೇರೆ ದಾರಿಯೇ ಇಲ್ಲದಿದ್ದಾಗ, ಮಗುವನ್ನು ಕೇಳಿ, ಅದು ಒಪ್ಪುವ ಚಿತ್ರವನ್ನಷ್ಟೇ ಹಾಕಿ. ಮಂಜೂರು ಮಾಡಿಸಿಕೊಡುತ್ತೇನೆಂದು ಶುಲ್ಕ ಕೇಳುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪ್ರಾಮಾಣಿಕ ದತ್ತಿ ಸಂಸ್ಥೆ ಅರ್ಜಿಗೆ ಹಣ ತೆಗೆದುಕೊಳ್ಳುವುದಿಲ್ಲ.

ಪತ್ರ ಬರೆಯುವುದು

ಪತ್ರ ಒಂದು ಪುಟ ದಾಟದಿರಲಿ, ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ. ಅಪರಿಚಿತ ಇಂಗ್ಲಿಷಿನಲ್ಲಿ ಯಾರಿಂದಲೋ ಬರೆಸಿದ ಪತ್ರದಲ್ಲಿ ಮಗುವೇ ಕಾಣೆಯಾಗಿರುತ್ತದೆ. ಮಗು ಈಗ ಏನು ಮಾಡುತ್ತಿದೆ, ಏನು ಮಾಡಲಾಗುತ್ತಿಲ್ಲ, ಸಾಧನ ಬಂದರೆ ಏನು ಸಾಧ್ಯವಾಗುತ್ತದೆ, ಒಟ್ಟು ವೆಚ್ಚವೆಷ್ಟು, ನಿಮ್ಮ ಪಾಲೆಷ್ಟು, ಕೇಳುತ್ತಿರುವುದೆಷ್ಟು ಎಂಬುದು ಮೊದಲ ಓದಿಗೇ ತಿಳಿಯಬೇಕು. ಮಾದರಿಗಾಗಿ ಒಂದು ಪತ್ರದ ಮುಖ್ಯ ಭಾಗವನ್ನು ಕಲ್ಪಿಸಿ ಬರೆದಿದ್ದೇನೆ:

‘ನಮ್ಮ ಮಗಳಿಗೆ 13 ವರ್ಷ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ. ಕುತ್ತಿಗೆಯ ಹಿಡಿತ ಚೆನ್ನಾಗಿದೆ, ಆಸರೆಯಿಲ್ಲದೆ ಕೂರಲಾಗದು. ಮನೆಯ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಈಗಿರುವ ಕುರ್ಚಿ ಅವಳಿಗೆ ಒಂಬತ್ತು ವರ್ಷವಿದ್ದಾಗ ಕೊಡಿಸಿದ್ದು. ಸೀಟು ಸಾಲದೆ ಸೊಂಟ ಮುಂದಕ್ಕೆ ಜಾರುವುದರಿಂದ ಅರ್ಧ ಗಂಟೆಗಿಂತ ಹೆಚ್ಚು ಕೂರಲಾಗದೆ ಮಧ್ಯಾಹ್ನದ ಪಾಠಗಳು ತಪ್ಪುತ್ತಿವೆ. ಚಿಕಿತ್ಸಕರು ಅವಳ ಅಳತೆ ತೆಗೆದು, ಪಕ್ಕದ ಆಸರೆ ಮತ್ತು ಸೊಂಟದ ಪಟ್ಟಿಯಿರುವ ಕುರ್ಚಿಯನ್ನು ಸೂಚಿಸಿದ್ದಾರೆ, ವರದಿ ಲಗತ್ತಿಸಿದೆ. ಈ ಕುರ್ಚಿ ನಮ್ಮ ಮನೆಯ ಬಾಗಿಲಲ್ಲಿ ಹೋಗುತ್ತದೆ, ಆಟೋದಲ್ಲಿ ಮಡಚಿ ಇಡಬಹುದು. ಇಡೀ ದಿನ ತರಗತಿಯಲ್ಲಿ ಕೂರುವುದು, ಬಿಸಿಯೂಟವನ್ನು ಗೆಳತಿಯರ ಜೊತೆ ಮೇಜಿನ ಮೇಲೆ ಉಣ್ಣುವುದು ಅವಳ ಬಯಕೆ. ಕುರ್ಚಿ, ಕುಶನ್, ಹೊಂದಿಸುವ ಶುಲ್ಕ ಸೇರಿ ಆಗುವ ವೆಚ್ಚದಲ್ಲಿ ಐದನೆಯ ಒಂದು ಭಾಗವನ್ನು ನಾವು ಹೊಂದಿಸಿದ್ದೇವೆ. ಉಳಿದುದಕ್ಕೆ ನೆರವು ಕೋರುತ್ತೇವೆ. ಇದೇ ಸಾಧನಕ್ಕೆ ಇನ್ನೊಂದು ಸಂಸ್ಥೆಗೂ ಅರ್ಜಿ ಸಲ್ಲಿಸಿದ್ದು, ಅಲ್ಲಿಂದ ಮಂಜೂರಾದರೆ ತಕ್ಷಣ ತಿಳಿಸುತ್ತೇವೆ.’

ಈ ಪತ್ರದಲ್ಲಿ ಕಣ್ಣೀರಿನ ಮಾತು ಒಂದೂ ಇಲ್ಲ. ಬಿಸಿಯೂಟದ ಸಾಲನ್ನು ಓದಿದ ಸಮಿತಿಯವರಿಗೆ ಆ ಹುಡುಗಿ ಯಾರೆಂದು ಗೊತ್ತಾಗುತ್ತದೆ. ಬಾಗಿಲಿನ ಸಾಲನ್ನು ಓದಿದ ಮೇಲೆ ಕುರ್ಚಿ ಮೂಲೆ ಸೇರುವುದಿಲ್ಲವೆಂಬ ಭರವಸೆ ಬರುತ್ತದೆ. ಕೊನೆಯ ಸಾಲಿಗೂ ಅಷ್ಟೇ ಮಹತ್ವವಿದೆ. ಇಬ್ಬರು ಮೂವರು ದಾನಿಗಳನ್ನು ಒಟ್ಟಿಗೆ ಕೇಳುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ದಾನಿಗಳು ಪರಸ್ಪರ ಮಾತಾಡಿಕೊಳ್ಳುತ್ತಾರೆ. ಒಂದೇ ಬಿಲ್ಲನ್ನು ಎರಡು ಕಡೆ ತೋರಿಸಿದ್ದು ತಿಳಿದರೆ ಆ ಕುಟುಂಬಕ್ಕಷ್ಟೇ ಅಲ್ಲದೆ ಅದನ್ನು ಶಿಫಾರಸು ಮಾಡಿದ ಚಿಕಿತ್ಸಕರ ಮುಂದಿನ ಮಕ್ಕಳಿಗೂ ಬಾಗಿಲು ಮುಚ್ಚುತ್ತದೆ.

ಕೊಟೇಶನ್ ಎರಡಾದರೂ ಇರಲಿ. ಅದರಲ್ಲಿ ಜಿಎಸ್‌ಟಿ, ಸಾಗಣೆ, ಜೋಡಣೆ, ವಾರಂಟಿ ಅವಧಿ ಇವು ಬೇರೆ ಬೇರೆಯಾಗಿ ನಮೂದಾಗಿರಲಿ. ಅನೇಕ ಟ್ರಸ್ಟ್‌ಗಳ ಸಮಿತಿ ಎರಡು ಮೂರು ತಿಂಗಳಿಗೊಮ್ಮೆ ಸೇರುವುದರಿಂದ, ಅಷ್ಟು ಕಾಲ ಆ ದರ ಊರ್ಜಿತವಾಗಿರುತ್ತದೆಂದು ಮಾರಾಟಗಾರರಿಂದ ಬರೆಸಿಕೊಳ್ಳಿ.

ಪೂರ್ಣ ವೆಚ್ಚವನ್ನು ಕೇಳಿ

ಸಾಧನದ ಬೆಲೆಯಷ್ಟನ್ನೇ ಕೇಳಿ, ಅದನ್ನು ನಡೆಸಿಕೊಂಡು ಹೋಗುವ ಖರ್ಚನ್ನು ಕೇಳದಿರುವುದರಿಂದ ಎಷ್ಟೋ ಯಂತ್ರಗಳು ಬಳಕೆಯಾಗದೆ ಉಳಿಯುತ್ತವೆ. ಬೈಪ್ಯಾಪ್ ಯಂತ್ರಕ್ಕೆ ಮಾಸ್ಕ್, ಟ್ಯೂಬ್, ಫಿಲ್ಟರ್‌ಗಳನ್ನು ಆಗಾಗ ಬದಲಿಸಬೇಕು, ಮತ್ತು ಕರೆಂಟು ಹೋದಾಗ ನಡೆಯಲು ಯುಪಿಎಸ್ ಬೇಕೇ ಬೇಕು. ಸ್ನಾಯುಗಳು ಕ್ರಮೇಣ ಬಲ ಕಳೆದುಕೊಳ್ಳುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೊಫಿ ಇರುವ, ರಾತ್ರಿಯಿಡೀ ಯಂತ್ರದ ನೆರವಿನಿಂದ ಉಸಿರಾಡುವ ಯುವಕನ ಮನೆಯಲ್ಲಿ ಯುಪಿಎಸ್ ಆ ಯಂತ್ರದ ಭಾಗವೇ ಆಗಿರುತ್ತದೆ. ಆದ್ದರಿಂದ ಅದನ್ನು ಅದೇ ಅರ್ಜಿಯಲ್ಲಿ ಸೇರಿಸಿ. ಕಾಕ್ಲಿಯರ್ ಇಂಪ್ಲಾಂಟ್ ಆದ ಮಗುವಿಗೆ ಬ್ಯಾಟರಿ, ಕೇಬಲ್, ಮ್ಯಾಪಿಂಗ್ (ಸಾಧನವನ್ನು ಮಗುವಿನ ಶ್ರವಣಕ್ಕೆ ಹೊಂದಿಸುವುದು) ಮತ್ತು ವರ್ಷಗಟ್ಟಲೆ ಮಾತಿನ ತರಬೇತಿ ಬೇಕಾಗುತ್ತದೆ, ಹೊರಗಿನ ಪ್ರೊಸೆಸರ್ ಹಳೆಯದಾದಾಗ ಅದನ್ನು ಬದಲಿಸುವ ಖರ್ಚು ದೊಡ್ಡದು. ಶ್ರವಣ ಸಾಧನದ ಇಯರ್ ಮೋಲ್ಡನ್ನು (ಕಿವಿಯ ಆಕಾರಕ್ಕೆ ತಕ್ಕ ಅಚ್ಚು) ಮಗು ಬೆಳೆದಂತೆ ಹೊಸದಾಗಿ ಮಾಡಿಸಬೇಕು. ಪಾದದ ಸ್ಪ್ಲಿಂಟ್ ವರ್ಷದ ಆಸುಪಾಸಿನಲ್ಲೇ ಚಿಕ್ಕದಾಗುತ್ತದೆ. ಗಾಲಿಕುರ್ಚಿಗೆ ಟೈರು, ಬೇರಿಂಗು, ಕುಶನ್ನಿನ ಹೊದಿಕೆ ಸವೆಯುತ್ತವೆ.

ಹೀಗೆ ಕೇಳಿದರೆ ಮೊತ್ತ ಹೆಚ್ಚಾಗಿ ಅರ್ಜಿ ತಿರಸ್ಕೃತವಾದೀತೆಂದು ಹೆದರುವವರಿದ್ದಾರೆ. ಸಮಿತಿಯಲ್ಲಿ ಕುಳಿತು ನಾನು ಕಂಡಂತೆ, ಮೊದಲ ಎರಡು ವರ್ಷಗಳ ನಿರ್ವಹಣೆಯನ್ನು ಲೆಕ್ಕ ಹಾಕಿ ಬರೆದ ಅರ್ಜಿಗೆ ಹೆಚ್ಚು ಗೌರವ ಸಿಗುತ್ತದೆ. ಹಣ ಸಾಲದಿದ್ದರೆ ಯಾವ ಭಾಗವನ್ನು ಕೊಡಬಹುದೆಂದು ಅವರೇ ಹೇಳುತ್ತಾರೆ.

ಮಂಜೂರಾದ ಮೇಲೆ, ಅಥವಾ ಆಗದಿದ್ದರೆ

ಹಣ ಸಾಮಾನ್ಯವಾಗಿ ನಿಮ್ಮ ಖಾತೆಗೆ ಬಾರದೆ ನೇರವಾಗಿ ಮಾರಾಟಗಾರರಿಗೆ ಹೋಗುತ್ತದೆ. ಮಗುವಿನ ಮೈಗೆ ಸಾಧನವನ್ನು ಹೊಂದಿಸಿ, ಚಿಕಿತ್ಸಕರು ಒಪ್ಪಿದ ಮೇಲೆ ಕೊನೆಯ ಕಂತನ್ನು ಕೊಡುವಂತೆ ಟ್ರಸ್ಟನ್ನು ಕೇಳಿಕೊಳ್ಳಿ. ಪೂರ್ತಿ ಹಣ ಮೊದಲೇ ಸಂದಾಯವಾದರೆ ಒಂದು ಬೆಲ್ಟ್ ಸರಿಪಡಿಸಲೂ ವಾರಗಟ್ಟಲೆ ಫೋನು ಮಾಡಬೇಕಾಗುತ್ತದೆ. ಬಿಲ್ಲು, ವಾರಂಟಿ ಕಾರ್ಡು, ಸೀರಿಯಲ್ ಸಂಖ್ಯೆಯ ಚಿತ್ರ ನಿಮ್ಮ ಬಳಿ ಇರಲಿ. ಮೊದಲ ವಾರದಲ್ಲಿ ಪ್ರತಿ ಸಂಜೆ ಮಗುವಿನ ಚರ್ಮವನ್ನು ನೋಡಿ. ಕೆಂಪಾದ ಗುರುತು ಅರ್ಧ ಗಂಟೆಯಾದರೂ ಮಾಯದಿದ್ದರೆ ಬಳಕೆ ನಿಲ್ಲಿಸಿ ಸಾಧನ ಹೊಂದಿಸಿದವರ ಬಳಿಗೆ ಹೋಗಬೇಕು. ಮೂರು ತಿಂಗಳ ನಂತರ ಟ್ರಸ್ಟಿಗೆ ನಾಲ್ಕು ಸಾಲು ಬರೆಯಿರಿ, ದಿನಕ್ಕೆ ಎಷ್ಟು ಗಂಟೆ ಬಳಸುತ್ತಿದ್ದಾರೆ, ಏನು ಸರಿಯಿಲ್ಲ ಎಂಬುದನ್ನೂ ಸೇರಿಸಿ. ಹೊಗಳಿಕೆಯ ಪತ್ರಕ್ಕಿಂತ ಅದು ಮುಂದಿನ ಅರ್ಜಿದಾರರಿಗೆ ಉಪಕಾರಿ.

ಅರ್ಜಿ ತಿರಸ್ಕೃತವಾದರೆ ಕಾರಣ ಕೇಳಲು ಸಂಕೋಚ ಬೇಡ. ‘ಈ ವರ್ಷದ ಹಣ ಮುಗಿದಿದೆ’ ಎಂದರೆ ಏಪ್ರಿಲ್‌ನಲ್ಲಿ ಮತ್ತೆ ಕೇಳಬಹುದು. ‘ವರದಿ ಸಾಲದು’ ಎಂದರೆ ಚಿಕಿತ್ಸಕರಿಂದ ಒಂದು ಪುಟ ಹೆಚ್ಚು ಬರೆಸಬಹುದು. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದರೆ ಯಾರ ವ್ಯಾಪ್ತಿಗೆ ಬರುತ್ತದೆಂದು ಅವರನ್ನೇ ಕೇಳಿ. ಬೈಪ್ಯಾಪ್, ಕಫ ಹೀರಿ ತೆಗೆಯುವ ಸಕ್ಷನ್ ಯಂತ್ರಗಳಂಥ ತಡೆದುಕೊಳ್ಳಲಾಗದ ಅಗತ್ಯಗಳಿಗೆ ಉತ್ತರ ಬರುವವರೆಗೆ ಕಾಯಬಾರದು. ಅವು ನಗರದಲ್ಲಿ ಬಾಡಿಗೆಗೆ ಸಿಗುತ್ತವೆ, ಒಂದು ತಿಂಗಳ ಬಾಡಿಗೆಗೆ ಸಣ್ಣ ದಾನಿಯೊಬ್ಬರು ಒಂದೇ ದಿನದಲ್ಲಿ ಒಪ್ಪುವುದುಂಟು.

ಮಗು ಬೆಳೆದು ಸಾಧನ ಚಿಕ್ಕದಾದಾಗ ಅದನ್ನು ಗುಜರಿಗೆ ಹಾಕಬೇಡಿ, ನೆರೆಮನೆಯ ಮಗುವಿಗೆ ನೇರವಾಗಿಯೂ ಕೊಡಬೇಡಿ. ಕೊಡಿಸಿದ ಸಂಸ್ಥೆಗೆ ತಿಳಿಸಿದರೆ ಅವರು ಸ್ವಚ್ಛಗೊಳಿಸಿ, ದುರಸ್ತಿ ಮಾಡಿ, ಅಳತೆ ಹೊಂದುವ ಇನ್ನೊಬ್ಬರಿಗೆ ಸರಿಪಡಿಸಿ ಕೊಡುತ್ತಾರೆ. ಉಸಿರಾಟದ ಯಂತ್ರಗಳಲ್ಲಿ ಹಿಂದಿನವರ ಒತ್ತಡದ ಪ್ರಮಾಣ ಉಳಿದಿರುತ್ತದೆಯಾದ್ದರಿಂದ, ಹೊಸಬರ ವೈದ್ಯರು ಅದನ್ನು ಬದಲಿಸಿ, ಮಾಸ್ಕ್ ಮತ್ತು ಟ್ಯೂಬನ್ನು ಹೊಸದಾಗಿ ಹಾಕಿಸಿದ ಮೇಲಷ್ಟೇ ಯಂತ್ರ ಕೈ ಬದಲಾಗಬೇಕು.